ಮೊಲ ಕತ್ತು ವಾಲಿಸಿದರೆ ಮಕ್ಕಳ ಸಿರಪ್ ಕುಡಿಸಬೇಡಿ

ಮನೆಯಲ್ಲಿ ಮೊಲ ಸಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮೊಲ 'ಹತ್ತಿ' ತೀರಿಹೋಗಿ ಇವತ್ತಿಗೆ 18 ದಿನ. ಅದಕ್ಕೆ ಕಿವಿಯಲ್ಲಿ ಸೋಂಕಾಗಿತ್ತು. ಆದರೆ ಜೀವ ತೆಗೆದದ್ದು ನಾನು ಕುಡಿಸಿದ ಔಷಧಿ.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹತ್ತಿ ಬಿಳಿ ಮೊಲ, ಎರಡೂ ಜೋಲು ಕಿವಿ. ಪುನರ್ವಸು ಮಳೆ ಹಿಡಿದು ಕೂತಿದ್ದಾಗ ಒಂದೆರಡು ವಾರ ಸೀನುತ್ತಿತ್ತು. ಥಂಡಿಗೆ ಅಂದುಕೊಂಡು ಸುಮ್ನಾದೆ. ಆಮೇಲೆ ಎಡಗಿವಿಯನ್ನು ಹಿಂಗಾಲಲ್ಲಿ ಕೆರೆಯುವುದು, ತಲೆ ಒದರುವುದು ಶುರುವಾಯಿತು. ಟಾರ್ಚ್ ಬಿಟ್ಟು ನೋಡಿದೆ. ಉಣುಗು ಇಲ್ಲ, ಹಕ್ಕಳೆ ಇಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಎರಡು ಹನಿ ಬಿಟ್ಟೆ. ಮಕ್ಕಳಿಗೂ ಹಾಗೇ ಮಾಡುತ್ತಿದ್ದೆವಲ್ವಾ. ಅದು ಮೊದಲ ತಪ್ಪು.

ನಾಲ್ಕನೇ ದಿನ ಬೆಳಿಗ್ಗೆ ಕತ್ತು ಎಡಕ್ಕೆ ವಾಲಿತ್ತು. ಆ ಕಡೆಯ ತುಟಿ ಜೋತಿತ್ತು, ಕಣ್ಣು ಮುಚ್ಚುತ್ತಿರಲಿಲ್ಲ. ಕೆಳಗೆ ಬಿಟ್ಟರೆ ಒಂದೇ ಕಡೆಗೆ ಉರುಳುತ್ತಿತ್ತು. "ಲಕ್ವ ಹೊಡೆದಿದೆ ಕಣೇ, ಇನ್ನು ಉಳಿಯಲ್ಲ" ಅಂದರು ಅತ್ತೆ. ಶಿವಮೊಗ್ಗಕ್ಕೆ 60 ಕಿ.ಮೀ. ಸುರಿಯುವ ಮಳೆ. ಪೇಟೆಯ ಮೆಡಿಕಲ್ ಶಾಪಿನಲ್ಲಿ ಕೇಳಿದೆ. "ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಇದ್ರೆ ಸ್ವಲ್ಪ ಕೊಡಿ ಅಕ್ಕ, ಏನೂ ಆಗಲ್ಲ" ಅಂದರು. ಮಗಳ ಜ್ವರಕ್ಕೆ ತಂದದ್ದು ಅರ್ಧ ಬಾಟಲಿ ಮನೆಯಲ್ಲೇ ಇತ್ತು.

ಮೂರು ದಿನ ಕುಡಿಸಿದೆ. ಮೂರನೇ ದಿನ ಗುಂಡು ಗುಂಡಾಗಿ ಬರುತ್ತಿದ್ದ ಹಿಕ್ಕೆ ನೀರಾಯಿತು. ಹುಲ್ಲು ಮೂಸಲೂ ಇಲ್ಲ. ಹೊಟ್ಟೆ ಉಬ್ಬಿತ್ತು, ನೋವಿಗೆ ಹಲ್ಲು ಕಡಿಯುತ್ತಿತ್ತು. ಆಗ ಟವೆಲ್‌ನಲ್ಲಿ ಸುತ್ತಿಕೊಂಡು ಶಿವಮೊಗ್ಗಕ್ಕೆ ಓಡಿದೆವು. ಡಾಕ್ಟರ್ ಮೊದಲು ಕೇಳಿದ್ದು ಏನು ಔಷಧಿ ಕೊಟ್ಟಿದ್ದೀರಿ ಅಂತ. ಬಾಟಲಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ರಾತ್ರಿ ನನ್ನ ಮಡಿಲಲ್ಲೇ ಹೋಯಿತು.

ಅವರು ಹೇಳಿದ್ದು ಇದು. ಮೊಲ ಅರಗಿಸಿಕೊಳ್ಳುವುದೇ ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಂದ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ತರಹದ ಆ್ಯಂಟಿಬಯೋಟಿಕ್ ಬಾಯಿಗೆ ಹಾಕಿದರೆ ಅವು ಸಾಯುತ್ತವೆ. ಆ ಜಾಗದಲ್ಲಿ ವಿಷ ಉಗುಳುವ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮೊಲಕ್ಕೆ ವಾಂತಿ ಮಾಡಲೂ ಆಗುವುದಿಲ್ಲ. ನಾಯಿಗೆ, ನಮ್ಮ ಮಕ್ಕಳಿಗೆ ಆಗಿಬರುವ ಔಷಧಿಯೇ ಮೊಲವನ್ನು ಕೊಲ್ಲುತ್ತದೆ ಅಂತ ನನಗೆ ನಿಜವಾಗಿ ಗೊತ್ತಿರಲಿಲ್ಲ.

ಸೀನು ಕೂಡ ಬರೀ ಥಂಡಿ ಆಗಿರಲಿಕ್ಕಿಲ್ಲ. ಮೂಗಿನಲ್ಲಿರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಗಂಟಲಿಂದ ಕಿವಿಗೆ ಹೋಗುವ ಸಣ್ಣ ನಾಳದ ಮೂಲಕ ಒಳಗೆ ಸೇರಬಹುದಂತೆ. ಸೋಂಕು ಇರುವುದು ಕಿವಿ ತಮಟೆಯ ಹಿಂದೆ, ಮೂಳೆಯ ಗೂಡಿನಲ್ಲಿ. ಅದಕ್ಕೇ ಟಾರ್ಚಿಗೆ ಏನೂ ಕಾಣಲಿಲ್ಲ. ಮೊಲದ ಕೀವು ಬೆಣ್ಣೆ ಹಾಗೆ ಗಟ್ಟಿ, ತಾನಾಗಿ ಸೋರಿ ಹೋಗುವುದಿಲ್ಲ. ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಬೇಕಾಗಬಹುದು. ತಮಟೆ ಹರಿದಿದ್ದರೆ ನಾವು ಬಿಟ್ಟ ಎಣ್ಣೆಯೋ ಡ್ರಾಪ್ಸೋ ಸೀದಾ ಒಳಕ್ಕೆ ಇಳಿದು ಇನ್ನೂ ಹಾಳು ಮಾಡುತ್ತದೆ. ಜೋಲು ಕಿವಿಯ ಮೊಲಗಳಿಗೆ ಕಿವಿ ತೊಂದರೆ ಜಾಸ್ತಿ. ಮಿದುಳಿಗೆ ಹೋಗುವ ಬೇರೊಂದು ಪರೋಪಜೀವಿಯಿಂದಲೂ ಕತ್ತು ಹೀಗೇ ವಾಲುತ್ತದೆ, ಅದರ ಔಷಧಿಯೇ ಬೇರೆ. ಮನೆಯಲ್ಲಿ ನೋಡಿ ಹೇಳುವ ಕಾಯಿಲೆ ಇದಲ್ಲ.

ಹಾಗಾಗಿ ಕೆರೆತ, ತಲೆ ಒದರುವುದು ಕಂಡ ಕೂಡಲೇ ಹೊರಡಿ, ಕತ್ತು ವಾಲುವವರೆಗೆ ಕಾಯಬೇಡಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಮೊಲ ಅಂತ ಮೊದಲೇ ಹೇಳಿ, ಬರೆದುಕೊಟ್ಟ ಔಷಧಿ ಮೊಲಕ್ಕೆ ಆಗುತ್ತದಾ ಅಂತ ಬಾಯಿಬಿಟ್ಟು ಕೇಳಿ. ಅರ್ಧ ದಿನ ಏನೂ ತಿನ್ನದಿದ್ದರೆ, ರಾತ್ರಿಯಾದರೂ ಸರಿ, ಡಾಕ್ಟರಿಗೆ ಫೋನ್ ಮಾಡಿ.

ಹತ್ತಿಯ ಜೊತೆ ಹುಟ್ಟಿದ ಇನ್ನೊಂದು ಮೊಲ ಹೊಸನಗರದಲ್ಲಿ ತಂಗಿ ಮನೆಯಲ್ಲಿದೆ. ಹೋದ ವಾರ ಅದೂ ಕಿವಿ ಕೆರೆಯುತ್ತಿದೆ ಅಂತ ಫೋನ್ ಮಾಡಿದಳು. ಮಾರನೇ ದಿನವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಮೊಲಕ್ಕೆ ಆಗುವ ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟಿದ್ದಾರೆ, ಕೆಲವು ವಾರ ಬಿಡದೆ ಹಾಕಬೇಕಂತೆ. ನಿನ್ನೆ ಗರಿಕೆ ತಿನ್ನುತ್ತಿರುವ ವಿಡಿಯೋ ಕಳಿಸಿದ್ದಳು. ಕತ್ತು ನೆಟ್ಟಗಿದೆ.