ನುಣುಪು ಬಂಡೆಗೆ ಟ್ರೈಕ್ಯಾಮ್: ಐದು ವರ್ಷ ಬಳಸಿದ ಮೇಲೆ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಹತ್ತಿದವರಿಗೆ ನುಣುಪು ಕಲ್ಲು ಅಂದರೆ ಏನು ಅಂತ ಹೇಳಬೇಕಿಲ್ಲ. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಪಾದ ತಾಗಿ ತಾಗಿ ನಯವಾಗಿವೆ. ಅಲ್ಲಿ ಹಗ್ಗ ಹಾಕುವ ಮಾತೇ ಇಲ್ಲ, ಅದು ಪೂಜೆಯ ಜಾಗ. ನಾವು ಹತ್ತುವುದು ಅರಸೀಕೆರೆ ಕಡೆಯ ಹೆಸರಿಲ್ಲದ ಬಂಡೆಗಳನ್ನು. ಅವೂ ಗ್ರಾನೈಟ್. ನೀರಿಳಿಯುವ ಸೀಳುಗಳ ಒಳಮೈ ಗಾಜಿನ ಹಾಗೆ. ಮಳೆ ನಿಂತ ಮೇಲೂ ವಾರಗಟ್ಟಲೆ ಪಾಚಿ ಬಿಡುವುದಿಲ್ಲ.

ಹತ್ತುವಾಗ ಬಿದ್ದರೆ ಹಗ್ಗ ತಡೆಯಲಿ ಅಂತ ಸೀಳಿಗೆ ಸಿಕ್ಕಿಸುವ ಲೋಹದ ಸಾಧನಗಳಿವೆ, ಟ್ರೈಕ್ಯಾಮ್ ಅವುಗಳಲ್ಲೊಂದು. ಮೊದಲು ನನ್ನ ಬಳಿ ಇದ್ದದ್ದು ಸ್ಪ್ರಿಂಗ್‌ನಿಂದ ಅರಳಿ ಸೀಳಿನ ಗೋಡೆಗಳನ್ನು ಒತ್ತುವ ಸ್ಪ್ರಿಂಗ್ ಕ್ಯಾಮ್‌ಗಳು ಮಾತ್ರ. ಒಂದು ದಿನ ಮೊಣಕಾಲೆತ್ತರದ ಸೀಳಿನಲ್ಲಿ ಒಂದನ್ನು ಇಟ್ಟು, ಅದಕ್ಕೆ ನೇಯ್ದ ಪಟ್ಟಿ ಸಿಕ್ಕಿಸಿ ಆ ಪಟ್ಟಿಯಲ್ಲಿ ಕಾಲಿಟ್ಟು ನಿಂತೆ. ಕ್ಯಾಮ್ ಮೆಲ್ಲಗೆ ಜಾರಿ ಹೊರಗೇ ಬಂತು. ಪಾಚಿಯ ಮೇಲೆ ಗೀರುಗಳು ಉಳಿದವು. ಇಪ್ಪತ್ತು ಅಡಿ ಮೇಲೆ ಹೀಗಾಗಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ.

ಕ್ಯಾಮ್‌ನ ತಪ್ಪಲ್ಲ ಅದು. ಕ್ಯಾಮ್ ನಿಲ್ಲುವುದೇ ಘರ್ಷಣೆಯಿಂದ. ಅದರ ಕೋನ (ಇರುಸಿನಿಂದ ಗೋಡೆ ತಾಗುವ ಬಿಂದುವಿಗೆ ಎಳೆದ ಗೆರೆ ಎಷ್ಟು ಓರೆ ಎಂಬುದು) 13.75 ಡಿಗ್ರಿ ಇದ್ದು 100 ಕಿಲೋ ಭಾರ ಬಿದ್ದರೆ, ಎರಡೂ ಗೋಡೆಗಳನ್ನು ತಲಾ 200 ಕಿಲೋದಷ್ಟು ಒತ್ತುತ್ತದೆ. ಆದರೆ ಘರ್ಷಣೆಯ ಗುಣಾಂಕ ಸುಮಾರು 0.25 ಆದರೂ ಇರಲೇಬೇಕು. ಇಲ್ಲದಿದ್ದರೆ ಸ್ಪ್ರಿಂಗ್ ಎಷ್ಟೇ ಗಟ್ಟಿ ಇರಲಿ, ಜಾರುತ್ತದೆ. ಕೋನ ಕಡಿಮೆ ಇರುವ ಕ್ಯಾಮ್ ಸ್ವಲ್ಪ ವಾಸಿ. ಆದರೆ ಅದು ಹಿಡಿಯುವ ಅಗಲವೂ ಕಡಿಮೆ.

ಆಮೇಲೆ ಕ್ಯಾಂಪ್ ಕಂಪನಿಯ ಟ್ರೈಕ್ಯಾಮ್ ಮೂರು ತಗೊಂಡೆ: ಗುಲಾಬಿ, ಕೆಂಪು, ಕಂದು (ಬಣ್ಣ ಅಳತೆಯ ಗುರುತು). ಒಂದು ಕಡೆ ಮೂತಿ, ಇನ್ನೊಂದು ಕಡೆ ಬಾಗಿದ ಬೆನ್ನು ಇರುವ ಲೋಹದ ತುಂಡು, ಅದಕ್ಕೊಂದು ಪಟ್ಟಿ. ಇದಕ್ಕೆ ಸ್ಪ್ರಿಂಗ್ ಇಲ್ಲ, ತಿರುಗುವ ಭಾಗವೂ ಇಲ್ಲ. ಸೀಳು ಕೆಳಗೆ ಕಿರಿದಾಗುವ ಕಡೆ ನಟ್ (ತಂತಿಗೆ ಕಟ್ಟಿದ ಲೋಹದ ಬೆಣೆ) ಹಾಗೆ ಕೂರಿಸಿದರೆ ಕಲ್ಲಿನ ಆಕಾರವೇ ಅದನ್ನು ಹಿಡಿಯುತ್ತದೆ. ಒದ್ದೆ, ಪಾಚಿ ಯಾವುದೂ ಅಷ್ಟು ಲೆಕ್ಕಕ್ಕೆ ಬರುವುದಿಲ್ಲ. ಕಿರಿದಾಗದ ಸೀಳಿದ್ದರೆ, ಹರಳು ಉದುರಿ ಆದ ಸಣ್ಣ ಗುಳಿಯನ್ನು ಬೆರಳಿಂದ ತಡವಿ ಹುಡುಕುತ್ತೇನೆ. ಅದರಲ್ಲಿ ಮೂತಿ ಕೂರಿಸಿ ಬಲವಾಗಿ ಒಂದು ಸಲ ಎಳೆದರೆ ಕಚ್ಚಿಕೊಳ್ಳುತ್ತದೆ. ಗುಲಾಬಿಯದನ್ನು ಎಷ್ಟು ಸಲ ಹಾಕಿದ್ದೇನೋ ಲೆಕ್ಕವಿಲ್ಲ. ಎರಡು ಸಲ ನಾನು ಬಿದ್ದಾಗ ಅದೇ ತಡೆಯಿತು, ಅಲುಗಲಿಲ್ಲ.

ಗುಳಿಯೂ ಇಲ್ಲ, ಎರಡು ಗೋಡೆಯೂ ಸಮಾನಾಂತರ ಅಂದರೆ ಟ್ರೈಕ್ಯಾಮ್ ಕೂಡ ನಂಬಬೇಡಿ. ಅಲ್ಲಿ ಅದೂ ಘರ್ಷಣೆಯನ್ನೇ ನೆಚ್ಚಿಕೊಂಡಿರುತ್ತದೆ. ನಾನು ಅಂಥ ಕಡೆಯಿಂದ ವಾಪಸ್ ಇಳಿದಿದ್ದೇನೆ.

ತೊಂದರೆಗಳೂ ಇವೆ. ಒಂದೇ ಕೈಯಲ್ಲಿ ಇಡುವುದು ಕಷ್ಟ, ರೂಢಿಯಾಗಲು ನನಗೆ ಒಂದು ವರ್ಷ ಬೇಕಾಯಿತು. ಹಗ್ಗ ಅಲುಗಾಡಿದರೆ ತಿರುಗಿಬಿಡುತ್ತದೆ, ಉದ್ದ ಪಟ್ಟಿ ಹಾಕಲೇಬೇಕು. ಬಿಡಿಸುವುದಂತೂ ಹಿಂದೆ ಬರುವವರಿಗೆ ದೊಡ್ಡ ಕೆಲಸ. ಚಿಕ್ಕಪ್ಪನ ಮಗ ಕೆಳಗಿಂದ "ಅಣ್ಣ, ಬರ್ತಾನೇ ಇಲ್ಲ ಇದು" ಅಂತ ಕೂಗುತ್ತಾನೆ. ಎಳೆಯಬಾರದು, ನಟ್ ಟೂಲ್ ಎಂಬ ತೆಳು ಲೋಹದ ಕೊಕ್ಕೆಯಿಂದ ಒಳಕ್ಕೆ ತಳ್ಳಿ ಮೂತಿ ಎತ್ತಬೇಕು.

ಕ್ಯಾಮ್‌ಗಳನ್ನು ಬಿಟ್ಟಿಲ್ಲ. ಒಣ, ಒರಟು ಕಲ್ಲಿಗೆ ಅವೇ ಬೇಗ. ನುಣುಪು ಸೀಳಿನಲ್ಲಿ ಮಾತ್ರ ಮೊದಲು ನಟ್, ಆಮೇಲೆ ಟ್ರೈಕ್ಯಾಮ್, ಕೊನೆಗೆ ಕ್ಯಾಮ್.

ಗುಲಾಬಿಯ ಪಟ್ಟಿ ಈಗ ಬಿಸಿಲಿಗೆ ಬಿಳಿಚಿಕೊಂಡಿದೆ, ಅಂಚಲ್ಲಿ ನೂಲು ಎದ್ದಿದೆ. ಲೋಹ ಗಟ್ಟಿಯಾಗೇ ಇದೆ. ಆದರೂ ಅದನ್ನು ತೆಗೆದಿಟ್ಟು, ಅದೇ ಅಳತೆಯ ಹೊಸವು ಎರಡು ತರಿಸುತ್ತಿದ್ದೇನೆ.