ತಲೆಗೆ ಸೂಜಿ ತಾಗಿಸುವ ಮೊದಲು ಆ ಬಾಟಲಿ ಕೇಳಿ ನೋಡಿ

ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಿಗೆ ನನ್ನ ತಂಗಿಗೆ ವಿಪರೀತ ಕೂದಲು ಉದುರತೊಡಗಿತು. ಗಾಬರಿಯಾಗಿ ಒಂದು ಬ್ಯೂಟಿ ಕ್ಲಿನಿಕ್‌ಗೆ ಹೋದಳು. ರಕ್ತ ಪರೀಕ್ಷೆ ಇಲ್ಲ, ಹೆರಿಗೆ ಯಾವಾಗ ಆಯ್ತು ಅಂತಲೂ ಕೇಳಲಿಲ್ಲ. ನೇರವಾಗಿ ಕಾಪರ್ ಪೆಪ್ಟೈಡ್ (ತಾಮ್ರ ಸೇರಿದ, ಪ್ರೋಟೀನಿನ ಪುಟ್ಟ ತುಣುಕು) ಪ್ಯಾಕೇಜ್, ದುಡ್ಡು ಮುಂಗಡ. ಸಣ್ಣ ಸೂಜಿಗಳ ರೋಲರ್ ಅನ್ನು ನೆತ್ತಿ ಮೇಲೆ ಆಡಿಸಿ, ನೀಲಿ ದ್ರವ ಹಚ್ಚಿ ಕಳಿಸಿದರು.

ಮರುದಿನವೇ ಉರಿ ಶುರುವಾಯಿತು. ಆಮೇಲೆ ನೆತ್ತಿ ತುಂಬ ಕೀವಿನ ಗುಳ್ಳೆ. ದಿಂಬಿಗೆ ತಲೆ ಇಡಲಾಗದೆ, ಮಗುವನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯೆಲ್ಲ ಕೂತಿರುತ್ತಿದ್ದಳು.

ಕ್ಲಿನಿಕ್‌ಗೆ ಹೋಗಿ ಆ ಬಾಟಲಿ ತೋರಿಸಿ ಅಂದೆ. ತುಂಬಾ ಹೊತ್ತು ಸತಾಯಿಸಿ ತಂದರು. ರಬ್ಬರ್ ಮುಚ್ಚಳದ ಪುಟ್ಟ ಸೀಸೆ. ತಯಾರಕರ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ. ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸಬಾರದು ಅಂತ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿತ್ತು. ಪುಡಿಗೆ ನೀರು ಬೆರೆಸಿ ಮಾಡುವ ದ್ರವ ಅದು; ಬೆರೆಸಿದ್ದು ಯಾವತ್ತು ಅಂದರೆ ಯಾರೂ ಬಾಯಿ ಬಿಡಲಿಲ್ಲ. ಹಸುಗೂಸಿನ ತಾಯಿಗೆ ಇದನ್ನು ಹಚ್ಚೋದಾ?

ಕಾಪರ್ ಪೆಪ್ಟೈಡ್ ಅನ್ನೋದು ಸುಳ್ಳಲ್ಲ. ಮೂರು ಅಮೈನೋ ಆಮ್ಲಗಳ ಈ ಪೆಪ್ಟೈಡನ್ನು 1973ರಲ್ಲಿ ಲೊರೆನ್ ಪಿಕಾರ್ಟ್ ಎಂಬ ವಿಜ್ಞಾನಿ ಮನುಷ್ಯರ ರಕ್ತದಲ್ಲೇ ಗುರುತಿಸಿದರು. ನೀಲಿ ಬಣ್ಣ ತಾಮ್ರದ್ದು. ಮುಖಕ್ಕೆ ಹಚ್ಚುವ ಸೀರಮ್‌ಗಳಿಂದ ಸಣ್ಣ ಸುಕ್ಕು ಸ್ವಲ್ಪ ತಗ್ಗಬಹುದು. ಆದರೆ ಕೂದಲಿನ ವಿಷಯದಲ್ಲಿ, ಕೂದಲು ಬೆಳೆಯಲು ವೈದ್ಯರು ಕೊಡುವ ಮಿನಾಕ್ಸಿಡಿಲ್ ಔಷಧಿಗೆ ಇರುವಷ್ಟು ಗಟ್ಟಿ ಪುರಾವೆ ಇದಕ್ಕಿಲ್ಲ. ಚರ್ಮದ ಮೇಲೆ ಹಚ್ಚುವುದು ಬೇರೆ, ಚರ್ಮ ಚುಚ್ಚಿ ಒಳಗೆ ಇಳಿಸುವುದು ಬೇರೆ. ಸೂಜಿ ಮಾಡಿದ ತೂತಲ್ಲಿ ಔಷಧಿ ಇಳಿಯುವ ಹಾಗೆ ಕೊಳಕೂ ಇಳಿಯುತ್ತದೆ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಚರ್ಮರೋಗ ವೈದ್ಯರ ಮಾತು ಕೇಳಿದ ಮೇಲೆ. ಬಾಣಂತಿಯರ ಕೂದಲು ಹೀಗೆ ಉದುರುವುದು ಸಾಮಾನ್ಯ, ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದಂತೆ. ಅಂದರೆ ಹೇಗೂ ಬರುವ ಕೂದಲನ್ನು ತೋರಿಸಿ ಪ್ಯಾಕೇಜ್ ಮಾರುತ್ತಾರೆ, ಅಲ್ವಾ? ಆ ವೈದ್ಯರು ಮೊದಲು ಬರೆದದ್ದು ಫೆರಿಟಿನ್ (ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ತೋರಿಸುವುದು) ಮತ್ತು ಥೈರಾಯ್ಡ್ ಪರೀಕ್ಷೆ. ತಂಗಿಗೆ ಕಬ್ಬಿಣದಂಶ ಕಡಿಮೆ ಇತ್ತು. ಸೋಂಕಿಗೆ, ಹಾಲೂಡಿಸುವ ತಾಯಿಗೆ ಆಗುವಂಥ ಆಂಟಿಬಯಾಟಿಕ್ ಕೊಟ್ಟರು.

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಬೇಕು, ಪ್ರಮಾಣಪತ್ರ ಗೋಡೆ ಮೇಲೆ ಕಾಣಬೇಕು. ಅದು ಕಾಣದಿದ್ದರೆ, ಸೀಸೆ ತೋರಿಸಲು ಹಿಂಜರಿದರೆ, ಅಲ್ಲಿಂದಲೇ ಎದ್ದು ಬನ್ನಿ. ದುಡ್ಡು ಕಟ್ಟಿಬಿಟ್ಟಿದ್ದೀನಲ್ಲ ಅಂತ ಮುಂದಿನ ಸಿಟಿಂಗ್‌ಗೆ ದಯವಿಟ್ಟು ಹೋಗಬೇಡಿ. ಸೀಸೆಯ ಫೋಟೋ, ಬಿಲ್ಲು ಎರಡೂ ಇಟ್ಟುಕೊಳ್ಳಿ. ಡ್ರಗ್ಸ್ ಇನ್‌ಸ್ಪೆಕ್ಟರ್‌ಗೆ ದೂರು ಕೊಡುವಾಗ ಬೇಕಾಗುತ್ತದೆ.