ಹಬ್ಬದ ಪಾರ್ಸೆಲ್ ವಿಂಗಡಣೆಯ ತಾತ್ಕಾಲಿಕ ಕೆಲಸ: ಅರ್ಜಿಗೆ ಎರಡು ಅಂಕ, ಪರೀಕ್ಷೆಗೆ ನಾಲ್ಕು

ಮಳೆ ನಿಂತ ಮೇಲೆ ಕಾಫಿ ಕೊಯ್ಲು ಆರಂಭವಾಗುವ ತನಕ ತೋಟದಲ್ಲಿ ಕೈತುಂಬ ಕೆಲಸವಿರುವುದಿಲ್ಲವಾದ್ದರಿಂದ, ಕುಶಾಲನಗರದ ಕೊರಿಯರ್ ಸಂಸ್ಥೆಯೊಂದು ದಸರಾದಿಂದ ದೀಪಾವಳಿಯವರೆಗೆ ಪಾರ್ಸೆಲ್ ವಿಂಗಡಿಸಲು ಜನ ಬೇಕೆಂದು ಪ್ರಕಟಿಸಿದಾಗ ನಾನೂ ಅರ್ಜಿ ಹಾಕಿದೆ.

ಅರ್ಜಿಯ ವ್ಯವಸ್ಥೆಗೆ ಐದರಲ್ಲಿ ಎರಡು ಅಂಕಕ್ಕಿಂತ ಹೆಚ್ಚು ಕೊಡಲಾರೆ. ಮೊಬೈಲಿನಲ್ಲಿ ತುಂಬಬೇಕಾದ ನಮೂನೆ ಇಂಗ್ಲಿಷಿನಲ್ಲಿ ಮಾತ್ರವಿತ್ತು. ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವನ್ನೂ ಸೇರಿಸಿದ ಮೇಲೂ ಭಾವಚಿತ್ರದ ಗಾತ್ರ ಹೆಚ್ಚಾಯಿತೆಂದು ಮೂರು ಸಲ ತಿರಸ್ಕರಿಸಿತೇ ಹೊರತು ಎಷ್ಟಿರಬೇಕೆಂದು ಎಲ್ಲಿಯೂ ಹೇಳಲಿಲ್ಲ. ದಿನಗೂಲಿ ಎಷ್ಟು, ರಾತ್ರಿ ಪಾಳಿ ಮುಗಿಸಿ ಮಡಿಕೇರಿಗೆ ಮರಳಲು ವಾಹನವಿದೆಯೇ ಎಂದು ಕೇಳಿದರೆ, "ಸೇರಿದ ಮೇಲೆ ತಿಳಿಸುತ್ತೇವೆ" ಎಂಬ ಉತ್ತರ ಬಂತು.

ಆಯ್ಕೆ ಪರೀಕ್ಷೆ ಮಾತ್ರ ಮೆಚ್ಚುವಂತಿತ್ತು. ಮೇಜಿನ ಮೇಲೆ ಸುರಿದ ವಿಳಾಸದ ಚೀಟಿಗಳನ್ನು ಪಿನ್ ಕೋಡ್ ನೋಡಿ ಡಬ್ಬಗಳಿಗೆ ಹಾಕಬೇಕು. 1972ರಲ್ಲಿ ಜಾರಿಗೆ ಬಂದ ಈ ಆರಂಕಿಯ ಪದ್ಧತಿಯಲ್ಲಿ ಮೊದಲ ಮೂರು ಅಂಕಿಗಳು ವಿಂಗಡಣೆಯ ಜಿಲ್ಲೆಯನ್ನೂ ಉಳಿದ ಮೂರು ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಕೊಡಗಿನ ಬಹುತೇಕ ಊರುಗಳು 571ರಿಂದಲೇ ಆರಂಭವಾಗುವುದರಿಂದ ಕಣ್ಣು ನೇರವಾಗಿ ಕೊನೆಯ ಮೂರಕ್ಕೆ ಹೋಗಬೇಕು. ಮಡಿಕೇರಿಗೆ 201, ವಿರಾಜಪೇಟೆಗೆ 218, ಕುಶಾಲನಗರಕ್ಕೆ 234, ಸೋಮವಾರಪೇಟೆಗೆ 236. ಒಂದು ಚೀಟಿಯಲ್ಲಿ ಊರು ಸೋಮವಾರಪೇಟೆ, ಅಂಕಿ 234 ಎಂದಿತ್ತು. ಅದನ್ನು ಪಕ್ಕಕ್ಕೆ ತೆಗೆದಿಟ್ಟವರಿಗೇ ಅಂಕ ಸಿಕ್ಕಿತು. (ಮನೆತನದ ಹೆಸರು ಕಂಡರೆ ಸಾಕು, ಮನೆಯನ್ನೇ ತೋರಿಸುವ ನಮ್ಮೂರ ಅಂಚೆಯಣ್ಣನಿಗೆ ಇದೊಂದೂ ಬೇಕಿಲ್ಲ.)

ಆಯ್ಕೆಯಾಗಿರುವ ಸಂದೇಶ ದಸರಾ ಕಳೆದು ನಾಲ್ಕು ದಿನಕ್ಕೆ ಬಂದಿತು. ಅಷ್ಟರಲ್ಲಿ ನಾನು ಬೇರೆ ಕಡೆ ಕೆಲಸ ಒಪ್ಪಿಕೊಂಡಿದ್ದೆ.